‘ಆವಾರೆ’ಗೆ ಕನ್ನಡದಲ್ಲಿ ಏನಂತಾರೆ?

ಒಂದು ಪದ ಸಿಗಲಿಲ್ಲ ಅಂತ ನನ್ನ ಅನುವಾದ 11 ತಿಂಗಳು ನಿಂತುಹೋಗಿತ್ತು. ಬಿಟ್ಟು ಮುಂದೆ ಹೋಗೋಣ ಅನ್ನುವುದಕ್ಕೆ ಅದು ಎಲ್ಲೋ ಮೂಲೆಯಲ್ಲಿದ್ದ ಪದ ಅಲ್ಲ. ಲೇಖನದ ಹೆಸರಿನಲ್ಲೇ ಇತ್ತು. ಎರಡು ಸಾಲಿಗೊಮ್ಮೆ ಬರುತ್ತಿತ್ತು. ಆವಾರೆ.

ಹಿಂದಿಯ ಆವಾರಾ ನಮಗೆಲ್ಲ ಗೊತ್ತು. ಕೆಲಸವಿಲ್ಲದೆ ಸಿಳ್ಳೆ ಹೊಡೆಯುತ್ತಾ ಬೀದಿ ಸುತ್ತುವ ಪೋಲಿ ಹುಡುಗ. ನಾನು ಅನುವಾದ ಮಾಡುತ್ತಿದ್ದಿದ್ದು ಫಾರ್ಸಿಯಿಂದ, ಇರಾನಿನ ಭಾಷೆಯಿಂದ. ಅಲ್ಲಿ ಅದೇ ಪದಕ್ಕೆ ಬೇರೆ ತೂಕ. ಮನೆ ಕಳೆದುಕೊಂಡವರು, ಊರಿನಿಂದ ಕಿತ್ತು ಬಿಸಾಡಿದಂತಾದವರು, ಎಲ್ಲೂ ನೆಲೆ ಸಿಗದವರು. ಈ ಪದ ಇಟ್ಟುಕೊಂಡು ಲೇಖನ ಬರೆದವರು ನನ್ನ ಹಾಗೆ ಮನೋವೈದ್ಯರು. ಬರೆಯುವಾಗ ಅವರೇ ಆವಾರೆ ಆಗಿದ್ದರು. ಹೆಸರು ಗೊಲಾಮ್‌ಹೊಸೇನ್ ಸಾಯೆದಿ. ನಮ್ಮ ಕಲಬುರಗಿಯ ಓಣಿಗಳಲ್ಲಿ ಕೂಗಿದರೆ ನಾಲ್ಕು ಜನ ಗುಲಾಮ್ ಹುಸೇನರು ತಿರುಗಿ ನೋಡುತ್ತಾರೆ. ಅದೇ ಹೆಸರು, ಉಚ್ಚಾರ ಮಾತ್ರ ಇರಾನಿನದು.

ಸಾಯೆದಿ ನನಗೆ ಸಿಕ್ಕಿದ್ದು ಪುಸ್ತಕದಿಂದಲ್ಲ, ಒಂದು ಹಸುವಿನಿಂದ. ಮನೋವೈದ್ಯ ವಿಭಾಗದಲ್ಲಿ ಪಿ.ಜಿ. ಮಾಡುವಾಗ ಗೆಳತಿಯೊಬ್ಬಳು ‘ಗಾವ್’ ಅನ್ನುವ 1969ರ ಇರಾನಿ ಸಿನಿಮಾ ತೋರಿಸಿದಳು. ದಾರಿಯೂಶ್ ಮೆಹರ್‌ಜುಯಿ ನಿರ್ದೇಶನದ್ದು. ಗಾವ್ ಅಂದರೆ ಹಸು, ನಮ್ಮ ‘ಗೋವು’ ಪದದ ದೂರದ ನೆಂಟ. ಹಳ್ಳಿಯ ಮಶ್ದಿ ಹಸನ್‌ಗೆ ತನ್ನ ಹಸು ಅಂದರೆ ಪ್ರಾಣ. ಆತ ಊರಲ್ಲಿಲ್ಲದಾಗ ಹಸು ಸತ್ತುಹೋಗುತ್ತದೆ. ಊರವರು ಅದನ್ನು ಮಣ್ಣು ಮಾಡಿ, ಹಸು ಓಡಿಹೋಯಿತು ಅಂತ ಸುಳ್ಳು ಹೇಳುತ್ತಾರೆ. ಹಸನ್ ಕೊಟ್ಟಿಗೆ ಸೇರಿ ಹುಲ್ಲು ತಿನ್ನಲು ಶುರು ಮಾಡುತ್ತಾನೆ. ನಾನು ಹಸನ್ ಅಲ್ಲ, ಹಸನ್‌ನ ಹಸು ಅನ್ನುತ್ತಾನೆ.

ನಾವು ಹುಡುಗ ಹುಡುಗಿಯರೆಲ್ಲ ಕೂತು ಇದಕ್ಕೆ ಡಯಾಗ್ನೋಸಿಸ್ ಏನು ಅಂತ ಜಗಳ ಆಡಿದೆವು. ಹೊಸದಾಗಿ ಕಲಿತವರ ಚಟ ಅದು, ಕಂಡಿದ್ದಕ್ಕೆಲ್ಲ ಚೀಟಿ ಅಂಟಿಸುವುದು. ಆಮೇಲೆ ಹೆಸರುಗಳು ಬಂದಾಗ ಕಥೆ ಸಾಯೆದಿಯದು ಅಂತ ತಿಳಿಯಿತು. ಅವರು ಮನೋವೈದ್ಯರು ಅಂತ ಅವತ್ತು ರಾತ್ರಿ ಹುಡುಕಿದಾಗ ಗೊತ್ತಾಯಿತು. ನನಗೆ ನಾಚಿಕೆ ಆಯಿತು. ನಾವೆಲ್ಲ ಹಸನ್‌ಗೆ ಏನಾಗಿದೆ ಅಂತ ಕೇಳುತ್ತಿದ್ದೆವು. ಇಡೀ ಊರು ಸೇರಿ ಒಂದು ಸುಳ್ಳು ಕಟ್ಟಿತಲ್ಲ, ಆ ಊರಿಗೆ ಏನಾಗಿದೆ ಅಂತ ಒಬ್ಬರೂ ಕೇಳಿರಲಿಲ್ಲ. ಆಗ ಇರಾನ್ ಆಳುತ್ತಿದ್ದ ದೊರೆ ಷಾನ ಸರ್ಕಾರಕ್ಕೆ ಮಾತ್ರ ಚೆನ್ನಾಗಿ ಅರ್ಥವಾಗಿತ್ತು. ತಾನೇ ದುಡ್ಡು ಕೊಟ್ಟ ಸಿನಿಮಾವನ್ನು ತಾನೇ ತಡೆಹಿಡಿಯಿತು. 1971ರಲ್ಲಿ ಕದ್ದು ಸಾಗಿಸಿದ ಪ್ರತಿ ವೆನಿಸ್ ಉತ್ಸವದಲ್ಲಿ ವಿಮರ್ಶಕರ ಪ್ರಶಸ್ತಿ ಪಡೆಯಿತು.

ಆಮೇಲೆ ಮದುವೆ, ಕೆಲಸ, ಮಗಳು. ಸಾಯೆದಿ ತಲೆಯ ಒಂದು ಮೂಲೆಯಲ್ಲಿ ಸುಮ್ನೆ ಕೂತಿದ್ದರು. 2018ರಲ್ಲಿ, ಬೆಂಗಳೂರಿನಲ್ಲಿ, ಫಾರ್ಸಿ ಕಲಿಯೋಣ ಅನ್ನಿಸಿತು. ಕಾರಣ ದೊಡ್ಡದೇನಲ್ಲ. ಮಗಳು ಶನಿವಾರ ಈಜು ಕಲಿಯಲು ಹೋಗುತ್ತಿದ್ದಳು. ನನಗೆ ಎರಡು ಗಂಟೆ ಖಾಲಿ ಸಿಗುತ್ತಿತ್ತು.

ಈ ‘ಖಾಲಿ’ ಕೂಡ ಫಾರ್ಸಿ ದಾರಿಯಲ್ಲೇ ನಮ್ಮ ಮನೆಗೆ ಬಂದಿದ್ದು. ಕಲಿಯಲು ಕೂತ ಮೇಲೆ ನನಗೆ ಇದೊಂದು ಹುಚ್ಚು ಹತ್ತಿತು. ಗುಮಾಸ್ತ, ಕಾರ್ಖಾನೆ, ಬಂದೋಬಸ್ತು, ಜಮೀನು, ಜಾಸ್ತಿ. ನಮ್ಮವ್ವ ಇವತ್ತಿಗೂ ಆಸ್ಪತ್ರೆ ಅನ್ನಲ್ಲ, ದವಾಖಾನಿ ಅನ್ನುತ್ತಾಳೆ. ಫಾರ್ಸಿಯಲ್ಲಿ ಕಾಯಿಲೆಯವರು ಬೀಮಾರ್, ಆಸ್ಪತ್ರೆ ಬೀಮಾರೆಸ್ತಾನ್. ಮೊದಲ ತಿಂಗಳು ನಾನು ಬೀಗುತ್ತಿದ್ದೆ, ಅರ್ಧ ಭಾಷೆ ನನಗೆ ಆಗಲೇ ಬರುತ್ತದೆ ಅಂತ. ಎರಡನೇ ತಿಂಗಳಿಗೆ ಇಳಿಯಿತು.

ಕಲಿಸಿದವರನ್ನು ನಾನು ಆಗಾ ಅಂತಲೇ ಕರೆಯುತ್ತೇನೆ. ಫಾರ್ಸಿಯಲ್ಲಿ ಅದು ನಮ್ಮ ‘ಅವರೇ’, ‘ಸಾರ್’ ಇದ್ದ ಹಾಗೆ. ಅವರು ನನ್ನನ್ನು ‘ಖಾನುಮ್ ದೊಕ್ತೋರ್’ ಅನ್ನುತ್ತಾರೆ, ಡಾಕ್ಟರಮ್ಮ ಅಂತ. ಊರು ಇರಾನಿನ ತಬ್ರೀಜ್, ಸಾಯೆದಿಯ ಊರೇ. 1977ರಲ್ಲಿ ಬೆಂಗಳೂರಿಗೆ ಓದಲು ಬಂದರು. ಅಲ್ಲಿ ಕ್ರಾಂತಿ ಆಯಿತು, ಆಮೇಲೆ ಇರಾಕಿನ ಜೊತೆ ಯುದ್ಧ ಬಂತು. ಅವರು ಇಲ್ಲೇ ಉಳಿದರು. ಯಾಕೆ ಹೋಗಲಿಲ್ಲ ಅಂತ ಮೊದಲ ವರ್ಷವೇ ಕೇಳಿದ್ದೆ. ‘ಚಹಾ ಆರುತ್ತೆ, ಕುಡೀರಿ’ ಅಂದರು.

ಸಾಯೆದಿ ಹೆಸರು ತೆಗೆದಾಗ ಅವರ ಮುಖ ಬಿರಿಯಿತು. ‘ನಮ್ಮ ಹುಡುಗ’ ಅಂದರು. ಸಾಯೆದಿ ಹುಟ್ಟಿದ್ದು 1936ರಲ್ಲಿ. ಬದುಕಿದ್ದಿದ್ದರೆ ಆಗಾಗಿಂತ ಇಪ್ಪತ್ತು ವರ್ಷ ದೊಡ್ಡವರು. ಆದರೂ ನಮ್ಮ ಹುಡುಗ.

ಮೊದಲ ದಿನವೇ ಆಗಾ ಒಂದು ಎಚ್ಚರಿಕೆ ಕೊಟ್ಟರು. ‘ನೀವು ಫಾರ್ಸಿಯಿಂದ ಕನ್ನಡಕ್ಕೆ ತರ್ತಾ ಇದ್ದೀರಿ ಅಂದ್ಕೊಂಡಿದ್ದೀರಿ. ಆದರೆ ಅವನು ಬರೆದಿದ್ದೇ ಅನುವಾದ. ಮನೇಲಿ ನಾವೆಲ್ಲ ತುರ್ಕಿ ಮಾತಾಡೋರು.’ ತಬ್ರೀಜಿನ ಮನೆಮಾತು ಅಜರಿ ತುರ್ಕಿ. ಶಾಲೆ, ಕಚೇರಿ, ಪುಸ್ತಕ ಎಲ್ಲ ಫಾರ್ಸಿ. ನಡುವೆ ಒಂದೇ ಒಂದು ವರ್ಷ, 1945ರ ಡಿಸೆಂಬರಿನಿಂದ 46ರ ಡಿಸೆಂಬರ್ ತನಕ, ತಬ್ರೀಜಿನಲ್ಲಿ ಸ್ವಂತ ಸರ್ಕಾರ ಇತ್ತು. ಆಗ ಮಕ್ಕಳು ಶಾಲೆಯಲ್ಲಿ ಮನೆಮಾತಿನಲ್ಲೇ ಓದಿದರು. ಷಾ ಸೈನ್ಯ ಬಂದ ಮೇಲೆ ಆ ಪಠ್ಯಪುಸ್ತಕಗಳನ್ನು ರಾಶಿ ಹಾಕಿ ಸುಟ್ಟರು. ಸಾಯೆದಿಗೆ ಆಗ ಹತ್ತು ವರ್ಷ. 1953ರಲ್ಲಿ ಪ್ರಧಾನಿ ಮೊಸದ್ದೆಗ್ ಸರ್ಕಾರವನ್ನು ಬೀಳಿಸಿದ ಮೇಲೆ ಮೊದಲ ಸಲ ಜೈಲು ಕಂಡಾಗ ಹದಿನೇಳು.

ಜೀವನಚರಿತ್ರೆ ಪೂರ್ತಿ ಹೇಳಲು ಹೋಗುವುದಿಲ್ಲ. ಆದರೆ ಡಾಕ್ಟರಾಗಿ ಅವರು ಹೇಗಿದ್ದರು ಅನ್ನುವುದು ನನಗೆ ಮುಖ್ಯ. ತಬ್ರೀಜಿನಲ್ಲಿ ಎಂ.ಬಿ.ಬಿ.ಎಸ್. ಥರದ್ದು ಮುಗಿಸಿ ತೆಹ್ರಾನಿಗೆ ಬಂದು ಮನೋವೈದ್ಯ ಶಾಸ್ತ್ರ ಓದಿದರು. ತೆಹ್ರಾನಿನ ಬಡವರ ಭಾಗದಲ್ಲಿ ದೆಲ್‌ಗೊಶಾ ಅನ್ನುವ ಬೀದಿಯಲ್ಲಿ ತಮ್ಮನ ಜೊತೆ ಕ್ಲಿನಿಕ್ ಇಟ್ಟರು. ತಮ್ಮನೂ ಡಾಕ್ಟರ್. ದೆಲ್‌ಗೊಶಾ ಅಂದರೆ ಮನಸ್ಸು ಅರಳಿಸುವಂಥದ್ದು. ಮನೋವೈದ್ಯರಿಗೆ ಇದಕ್ಕಿಂತ ಒಳ್ಳೆ ಅಡ್ರೆಸ್ ಬೇಕಾ? ಹಗಲೂ ರಾತ್ರಿ ಬಾಗಿಲು ತೆಗೆದೇ ಇರುತ್ತಿತ್ತು. ಎಷ್ಟೋ ಜನರಿಂದ ಫೀಸು ತೆಗೆದುಕೊಳ್ಳುತ್ತಿರಲಿಲ್ಲ. ರೋಗಿಗಳು ಹೋದ ಮೇಲೆ ಅದೇ ಬೆಂಚುಗಳ ಮೇಲೆ ಕವಿಗಳು, ಕಥೆಗಾರರು ಬಂದು ಕೂರುತ್ತಿದ್ದರು. ಜಲಾಲ್ ಆಲೆ ಅಹ್ಮದ್, ಅಹ್ಮದ್ ಶಾಮ್ಲು, ತಬ್ರೀಜಿನ ಗೆಳೆಯ ಸಮದ್ ಬೆಹ್ರಂಗಿ. ನಾಟಕಗಳಿಗೆ ಸಾಯೆದಿ ಗೊಹರ್ ಮೊರಾದ್ ಅಂತ ಬೇರೆ ಹೆಸರು ಇಟ್ಟುಕೊಂಡಿದ್ದರು.

ನಡುನಡುವೆ ಊರೂರು ಅಲೆದು ಅಲ್ಲಿನ ಜನರ ಬದುಕನ್ನು ದಾಖಲು ಮಾಡುತ್ತಿದ್ದರು. 1966ರಲ್ಲಿ ಬಂದ ‘ಅಹ್ಲೆ ಹವಾ’ ಅಂಥ ಒಂದು ಪುಸ್ತಕ. ನನಗೆ ಅದು ಅನುವಾದಕ್ಕೆ ಬೇಕಿರಲಿಲ್ಲ. ಆಸೆಗೆ ಓದಿದೆ. ಇರಾನಿನ ದಕ್ಷಿಣ ಕರಾವಳಿಯಲ್ಲಿ, ಕೊಲ್ಲಿಯ ದಂಡೆಯಲ್ಲಿ, ಜನರಿಗೆ ಗಾಳಿ ಹಿಡಿಯುತ್ತದೆ. ನಿಜವಾಗಿಯೂ ಅವರು ಅದಕ್ಕೆ ‘ಬಾದ್’ ಅಂತಲೇ ಅನ್ನುತ್ತಾರೆ, ಗಾಳಿ ಅಂತ. ಬೆಸ್ತರು, ಹಡಗಿನ ಕೂಲಿಗಳು, ಬಡ ಹೆಂಗಸರು, ಇಂಥವರಿಗೇ ಜಾಸ್ತಿ. ಎಷ್ಟೋ ಗಾಳಿಗಳು ಸಮುದ್ರದಾಚೆಯಿಂದ ಬಂದವು ಅನ್ನುವ ನಂಬಿಕೆ. ಬಾಬಾ ಜಾರ್ ಅಥವಾ ಮಾಮಾ ಜಾರ್ ಅನ್ನುವವರು ಡೋಲು ಬಡಿಸಿ, ಹಾಡಿಸಿ, ಆ ಗಾಳಿಯನ್ನು ಮಾತಾಡಿಸುತ್ತಾರೆ. ನಿನಗೇನು ಬೇಕು ಅಂತ ಕೇಳುತ್ತಾರೆ. ಗಾಳಿ ಬಿಟ್ಟುಹೋಗುವುದಿಲ್ಲ. ಸಮಾಧಾನ ಆಗುತ್ತದೆ ಅಷ್ಟೇ. ಹಿಡಿದವರು ಅಲ್ಲಿಂದ ಮುಂದೆ ‘ಗಾಳಿಯವರ’ ಗುಂಪಿಗೆ ಸೇರುತ್ತಾರೆ, ಜೀವನಪೂರ್ತಿ.

ಓದುತ್ತಾ ನನಗೆ ನಮ್ಮಜ್ಜಿ ದನಿ ಕೇಳಿಸಿತು. ‘ಗಾಳಿ ಬಡದದ ಅದಕ್ಕ, ತಾಯತ ಕಟ್ಟಸ್ರಿ.’ ಕನ್ನಡಕ್ಕೆ ತರಲು ಒಂದು ನಿಮಿಷವೂ ಬೇಡ ಇದು. ನನ್ನ ಒ.ಪಿ.ಡಿ.ಗೆ ಬರುವವರಲ್ಲಿ ಎಷ್ಟೋ ಜನ ಮೊದಲು ಗಾಳಿ ಬಿಡಿಸುವವರ ಹತ್ತಿರ ಹೋಗಿಯೇ ಬಂದಿರುತ್ತಾರೆ. ನಾವು ಒಳಗೊಳಗೇ ಬೈಕೊಳ್ಳುತ್ತೇವೆ. ಸಾಯೆದಿ ಬೈಯಲಿಲ್ಲ. ಹೊಗಳಲೂ ಇಲ್ಲ. ಹಸಿವು, ಬಡತನ, ಭಯ ಇರುವ ಕಡೆ ಗಾಳಿ ಜಾಸ್ತಿ ಬೀಸುತ್ತದೆ ಅನ್ನುವುದನ್ನು ಕಂಡು ಬರೆದುಕೊಂಡು ಬಂದರು. ಒಳ್ಳೆ ಡಾಕ್ಟರ ಕಿವಿ ಅದು.

1974ರಲ್ಲಿ ಷಾನ ಗುಪ್ತ ಪೊಲೀಸರಾದ ಸಾವಾಕ್‌ನವರು ಅವರನ್ನು ಹಿಡಿದರು. ಹೆಚ್ಚುಕಡಿಮೆ ಒಂದು ವರ್ಷ ಜೈಲು, ಚಿತ್ರಹಿಂಸೆ. ಬಿಡುವ ಹೊತ್ತಿಗೆ ಅವರು ತಪ್ಪೊಪ್ಪಿಕೊಂಡಂತೆ ಒಂದು ಸಂದರ್ಶನ ದಿನಪತ್ರಿಕೆಯಲ್ಲಿ ಬಂತು. ಬರೆಯುವವರ ಬಾಯಲ್ಲಿ ಬೇರೆಯವರು ಬರೆದ ಮಾತು. 1979ರ ಕ್ರಾಂತಿಯಲ್ಲಿ ಷಾ ಹೋದ. ಅಷ್ಟರಲ್ಲಿ ಹೊರದೇಶಕ್ಕೆ ಹೋಗಿದ್ದ ಸಾಯೆದಿ ಆಸೆಯಿಂದ ಊರಿಗೆ ಮರಳಿದರು. ಆಸೆ ಬಹಳ ದಿನ ಉಳಿಯಲಿಲ್ಲ. 1981ರ ಜೂನ್‌ನಲ್ಲಿ ನಾಟಕಕಾರ ಸಯೀದ್ ಸೊಲ್ತಾನ್‌ಪುರ್ ಅವರನ್ನು ಹೊಸ ಸರ್ಕಾರ ಗುಂಡಿಟ್ಟು ಕೊಂದಿತು. ಅದಕ್ಕೆ ಮೊದಲು ಹಿಡಿದುಕೊಂಡು ಹೋಗಿದ್ದು ಅವರ ಮದುವೆ ಮನೆಯಿಂದ. ಸಾಯೆದಿ ಅಡಗಿಕೊಂಡರು. ಬೆಟ್ಟ ದಾಟಿ ಪಾಕಿಸ್ತಾನಕ್ಕೆ, ಅಲ್ಲಿಂದ 1982ರಲ್ಲಿ ಪ್ಯಾರಿಸ್‌ಗೆ.

ಪ್ಯಾರಿಸ್ ಅವರಿಗೆ ಹಿಡಿಸಲಿಲ್ಲ. ಫ್ರೆಂಚ್ ಕಲಿಯಲೂ ಒಪ್ಪಲಿಲ್ಲ. ಅಲ್ಲಿ ಬರೆದ ಒಂದು ಚಿಕ್ಕ ಬರಹದಲ್ಲಿ ಈ ಊರಿನ ಕಟ್ಟಡಗಳೆಲ್ಲ ನಾಟಕದ ಸೆಟ್ಟಿನ ಹಾಗೆ ಕಾಣುತ್ತವೆ ಅನ್ನುತ್ತಾರೆ. ತಾನು ಪೋಸ್ಟ್‌ಕಾರ್ಡಿನ ಚಿತ್ರದೊಳಗೆ ಬದುಕಿದ ಹಾಗಿದೆ ಅನ್ನುತ್ತಾರೆ. ತನಗೆ ಎರಡಕ್ಕೆ ಭಯ, ನಿದ್ದೆಗೆ ಹೋಗುವುದಕ್ಕೆ, ನಿದ್ದೆಯಿಂದ ಏಳುವುದಕ್ಕೆ. ಇದನ್ನು ಓದಿದ ದಿನ ನಾನು ಮಾಡಿದ ಮೊದಲ ಕೆಲಸ, ಹೇಳಿಕೊಳ್ಳಲು ಸಂಕೋಚ, ಮನಸ್ಸಿನಲ್ಲೇ ಕೇಸ್ ಶೀಟ್ ತುಂಬಿದ್ದು. ನಿದ್ದೆ ಸರಿಯಿಲ್ಲ. ಸುತ್ತಲಿನದು ನಿಜ ಅನ್ನಿಸುವುದಿಲ್ಲ. ಕುಡಿತ. ಪಕ್ಕದಲ್ಲಿ ‘ಅಡ್ಜಸ್ಟ್‌ಮೆಂಟ್ ಡಿಸಾರ್ಡರ್’ ಅಂತ ಗೀಚುವುದೊಂದು ಬಾಕಿ. ಹೊಂದಿಕೊಳ್ಳದ ಕಾಯಿಲೆ! ಹಸನ್‌ಗೆ ಚೀಟಿ ಅಂಟಿಸಿದ ಹುಡುಗಿ ಇನ್ನೂ ನನ್ನೊಳಗೆ ಕೂತೇ ಇದ್ದಾಳೆ ಅಂತ ಗೊತ್ತಾಯಿತು.

ಅಲ್ಲೇ ಅವರು ‘ಅಲೆಫ್ಬಾ’ ಅನ್ನುವ ಪತ್ರಿಕೆ ತಂದರು. ಹಿಂದೆ ತೆಹ್ರಾನಿನಲ್ಲೂ ಅದೇ ಹೆಸರಿನ ಪತ್ರಿಕೆ ನಡೆಸಿದ್ದರು. ಅಲೆಫ್ಬಾ ಅಂದರೆ ಅಆಇಈ. ಎಲ್ಲ ಕಳೆದುಕೊಂಡವರು ಮತ್ತೆ ಅಆಇಈ ಇಂದ ಶುರು ಮಾಡಿದರು. ನಾನು ಹಿಡಿದುಕೊಂಡ ಲೇಖನ ಬಂದಿದ್ದು ಅದರಲ್ಲೇ. ಅದರ ಜೀವ ಇರುವುದು ಎರಡು ಪದಗಳ ನಡುವಿನ ಗೆರೆಯಲ್ಲಿ. ಒಂದು ಮೊಹಾಜೆರ್, ಇನ್ನೊಂದು ಆವಾರೆ. ಮೊಹಾಜೆರ್ ಆದವರು ತಾವೇ ಯೋಚಿಸಿ, ಗಂಟು ಕಟ್ಟಿ, ಇನ್ನೂ ಚೆನ್ನಾಗಿ ಬದುಕೋಣ ಅಂತ ಹೊರಟವರು. ಆವಾರೆಗೆ ಹೋಗುವ ಮನಸ್ಸೇ ಇರಲಿಲ್ಲ. ಜೀವ ಉಳಿಸಿಕೊಳ್ಳಲು ಓಡಿದ್ದು. ದೇಹ ಇಲ್ಲಿ, ಮನಸ್ಸು ಅಲ್ಲಿ. ಇತ್ತ ಬದುಕೂ ಅಲ್ಲ, ಅತ್ತ ಸಾವೂ ಅಲ್ಲ. ಅದಕ್ಕೆ ಸಾಯೆದಿ ಬಳಸುವ ಪದ ‘ಬರ್ಜಖ್’. ಸಾವಿಗೂ ತೀರ್ಪಿನ ದಿನಕ್ಕೂ ನಡುವಿನ ಜಾಗ. ಅದನ್ನು ನಾನು ‘ತ್ರಿಶಂಕು’ ಮಾಡಲು ಹೋಗಿ ಬಿಟ್ಟುಬಿಟ್ಟೆ. ನಮ್ಮ ತ್ರಿಶಂಕು ಸ್ವರ್ಗಕ್ಕೆ ಆಸೆಪಟ್ಟು ಹೊರಟವನು. ಅವನು ಮೊಹಾಜೆರ್! ಬರ್ಜಖ್ ಅಂತಲೇ ಉಳಿಸಿಕೊಂಡೆ. ಕಲಬುರಗಿ, ಬೀದರ್ ಕಡೆಯ ಓದುಗರಿಗೆ ಅದು ಹೊಸದಲ್ಲ.

ಇನ್ನು ಆವಾರೆ.

ಮೊದಲು ‘ವಲಸಿಗ’ ಅಂತ ಹಾಕಿದೆ. ಅದು ನೇರವಾಗಿ ಮೊಹಾಜೆರ್ ಕಡೆ ಹೋಗಿ ನಿಂತಿತು. ನಮ್ಮ ಬೆಂಗಳೂರಲ್ಲೇ ಅದಕ್ಕೆ ಒಳ್ಳೆ ಉದಾಹರಣೆ ಇದೆ. ಆಗಾ ಅಲಿ ಅಸ್ಕರ್ ಅಂತ ಒಬ್ಬ ಹುಡುಗ 1824ರಲ್ಲಿ ಇರಾನಿನ ಶಿರಾಜ್‌ನಿಂದ ಕುದುರೆ ವ್ಯಾಪಾರಕ್ಕೆ ಬಂದ. ಇಲ್ಲೇ ನೆಲೆ ನಿಂತ, ಬಂಗಲೆಗಳನ್ನು ಕಟ್ಟಿಸಿದ. ಅವನ ಮೊಮ್ಮಗನೇ ಮೈಸೂರಿನ ದಿವಾನರಾದ ಸರ್ ಮಿರ್ಜಾ ಇಸ್ಮಾಯಿಲ್. ಅದು ವಲಸೆ. ಬೀದರಿನ ಮಹಮೂದ್ ಗವಾನ್ ಕಥೆ ಸ್ವಲ್ಪ ಬೇರೆ. ಇರಾನಿನ ಗಿಲಾನ್ ಸೀಮೆಯ ಅರಮನೆ ಜಗಳಗಳಿಂದ ದೂರ ಹೊರಟು ಬಂದವರು. ಇಲ್ಲಿ ಮದರಸಾ ಕಟ್ಟಿಸಿದರು, ದೊಡ್ಡ ಮಂತ್ರಿಯಾದರು. ಕೊನೆಗೆ 1481ರಲ್ಲಿ ಇಲ್ಲಿನ ಸುಲ್ತಾನನೇ ತಲೆ ತೆಗೆಸಿದ. ಅವರನ್ನು ಯಾವ ಪದದ ಕೆಳಗೆ ಇಡುವುದು ಅಂತ ನನಗೆ ಇವತ್ತಿಗೂ ಗೊಂದಲ.

‘ಗಡಿಪಾರು’ ಅಂದರೆ ಪೊಲೀಸರ ಆದೇಶ. ಪೇಪರಿನಲ್ಲಿ ರೌಡಿಗಳಿಗೆ ಬರುವ ಪದ. ಸರ್ಕಾರವೇ ಕೈಹಿಡಿದು ಆಚೆ ಬಿಟ್ಟುಬಂದವರಿಗೆ ಅದು ಸರಿ. ಸೋವಿಯತ್ ಕಾಲದ ಕೀವ್‌ನ ಮನೋವೈದ್ಯ ಸೆಮ್ಯೋನ್ ಗ್ಲುಜ್‌ಮನ್‌ಗೆ ಅದು ಹೊಂದುತ್ತದೆ. ಸರ್ಕಾರ ಹುಚ್ಚ ಅಂತ ಆಸ್ಪತ್ರೆಗೆ ಹಾಕಿದ್ದ ಜನರಲ್ ಗ್ರಿಗೊರೆಂಕೊಗೆ ಹುಚ್ಚಿಲ್ಲ ಅಂತ 1971ರಲ್ಲಿ ವರದಿ ಬರೆದಿದ್ದಕ್ಕೆ ಅವರಿಗೆ ಏಳು ವರ್ಷ ಶಿಬಿರ, ಮೂರು ವರ್ಷ ಸೈಬೀರಿಯಾದಲ್ಲಿ ಗಡಿಪಾರು. ಫ್ರೆಂಚರು ಆಳುತ್ತಿದ್ದ ಅಲ್ಜೀರಿಯಾದ ಬ್ಲಿಡಾದಲ್ಲಿದ್ದ ಮನೋವೈದ್ಯ ಫ್ರಾಂಟ್ಜ್ ಫ್ಯಾನನ್ ಕೂಡ ಹಾಗೆಯೇ. 1956ರಲ್ಲಿ ಆಸ್ಪತ್ರೆ ಕೆಲಸಕ್ಕೆ ರಾಜೀನಾಮೆ ಕೊಟ್ಟರು, ಫ್ರೆಂಚ್ ಸರ್ಕಾರ ಅವರನ್ನು ಆಚೆ ಹಾಕಿತು. ನಮ್ಮ ಕಸುಬಿನವರಿಗೂ ಸರ್ಕಾರಗಳಿಗೂ ಯಾಕೋ ಆಗಿಬರುವುದಿಲ್ಲ ನೋಡಿ. ಆಗಿಬಂದವರೂ ಇದ್ದಾರೆ ಅನ್ನಿ. ಗ್ರಿಗೊರೆಂಕೊಗೆ ಹುಚ್ಚು ಅಂತ ಸಹಿ ಹಾಕಿದವರೂ ಮನೋವೈದ್ಯರೇ. ಸಾಯೆದಿಯನ್ನು ಯಾರೂ ಗಡಿಪಾರು ಮಾಡಲಿಲ್ಲ. ಸಿಕ್ಕಿದ್ದರೆ ಕೊಲ್ಲುತ್ತಿದ್ದರು.

‘ದೇಶಭ್ರಷ್ಟ’ ಪುಸ್ತಕದ ಪದ. ಆ ಭ್ರಷ್ಟ ನನ್ನ ಕಿವಿಗೆ ಲಂಚದ ಹಾಗೆ ಕೇಳಿಸುತ್ತದೆ. ‘ಅಲೆಮಾರಿ’ ಈಗ ಸಮುದಾಯಗಳ ಹೆಸರು. ‘ನಿರಾಶ್ರಿತ’ ಅಂದರೆ ಕ್ಯಾಂಪು, ಅಕ್ಕಿ, ಸರ್ಕಾರಿ ಫೈಲು. ‘ಗುಳೆ’ ನನಗೆ ತುಂಬಾ ಇಷ್ಟದ ಪದ. ಒ.ಪಿ.ಡಿ.ಯಲ್ಲಿ ವಾರಕ್ಕೆ ನಾಲ್ಕು ಸಲ ಕೇಳುತ್ತೇನೆ. ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಗುಳೆ ಬಂದವರು, ನಿದ್ದೆ ಬರ್ತಿಲ್ಲ ಅಂತ ಬಂದು ಕೂರುತ್ತಾರೆ. ಊರು ಕನಸಿನಲ್ಲಿ ಬರುತ್ತದೆ ಅನ್ನುತ್ತಾರೆ. ಆದರೆ ಗುಳೆ ಹೋದವರು ಜಾತ್ರೆಗೆ ಮರಳುತ್ತಾರೆ, ಮಳೆಯಾದರೆ ಮರಳುತ್ತಾರೆ. ಸಾಯೆದಿಗೆ ಜಾತ್ರೆಯೂ ಇಲ್ಲ, ಮಳೆಯೂ ಇಲ್ಲ.

ಇನ್ನೊಂದು ತೊಡಕು ವ್ಯಾಕರಣದ್ದು. ಫಾರ್ಸಿಯಲ್ಲಿ ಅವನು, ಅವಳು ಅಂತ ಬೇರೆ ಇಲ್ಲ. ಎರಡಕ್ಕೂ ‘ಊ’. ಕನ್ನಡದಲ್ಲಿ ಪದ ಮುಚ್ಚಿಟ್ಟರೂ ಕ್ರಿಯಾಪದದ ಬಾಲ ಹೇಳಿಬಿಡುತ್ತದೆ, ಓಡಿದನೋ ಓಡಿದಳೋ ಅಂತ. ಆ ಬೆಟ್ಟಗಳನ್ನು ಹೆಂಗಸರೂ ದಾಟಿದ್ದರು. ‘ಓಡಿದ, ಅತ್ತ, ಕಾದ’ ಅಂತ ಬರೆಯಲು ನನಗೆ ಮನಸ್ಸಾಗಲಿಲ್ಲ. ಕೊನೆಗೆ ಎಲ್ಲ ಬಹುವಚನ ಮಾಡಿದೆ. ಮೂಲದಲ್ಲಿ ಒಂಟಿಯಾಗಿದ್ದ ಜೀವ ಕನ್ನಡದಲ್ಲಿ ಗುಂಪಾಯಿತು. ಅದೊಂದು ನಷ್ಟ. ಒಪ್ಪಿಕೊಂಡೆ.

ಪದ ಮಾತ್ರ ಸಿಗಲಿಲ್ಲ. ಫೈಲ್ ಮುಚ್ಚಿಟ್ಟೆ.

11ನೇ ತಿಂಗಳಲ್ಲಿ ಒಂದು ರಾತ್ರಿ ಅವ್ವ ಫೋನ್ ಮಾಡಿದಳು. ನಮ್ಮ ಓಣಿಯಲ್ಲಿ ಒಬ್ಬ ಮುದುಕ ದರ್ಜಿ ಇದ್ದ. ಎಲ್ಲಿಂದ ಬಂದವನೋ ಯಾರಿಗೂ ಸರಿಯಾಗಿ ಗೊತ್ತಿಲ್ಲ. ನನ್ನ ಶಾಲೆಯ ಲಂಗ ಹೊಲಿದವನು ಅವನೇ. ತೀರಿಕೊಂಡನಂತೆ.

‘ಯಾರ್ ಬಂದಿದ್ರವ್ವಾ ಮಣ್ಣಿಗೆ?’

‘ಯಾರ್ ಬರ್ತಾರ ಯವ್ವಾ? ಪರದೇಸಿ ಅಂವ. ಪರದೇಸಿ ಹೆಣ ಆಗಬಾರದಂತ ಓಣಿ ಮಂದಿನೇ ಪಟ್ಟಿ ಹಾಕಿ ಮಣ್ಣ ಮಾಡಿದ್ರು.’

ಫೋನ್ ಇಟ್ಟ ಮೇಲೆ ಸ್ವಲ್ಪ ಹೊತ್ತು ದರ್ಜಿಯದೇ ನೆನಪು. ಆಮೇಲೆ ತಟ್ಟನೆ ಆ ಪದ ಎದುರಿಗೆ ಬಂದು ನಿಂತಿತು. ಪರದೇಶಿ.

ಅಕ್ಷರಕ್ಕೆ ಅಕ್ಷರ ನೋಡಿದರೆ ಬೇರೆ ದೇಶದವರು ಅಷ್ಟೇ. ಆದರೆ ಕನ್ನಡದಲ್ಲಿ ಯಾರೂ ಅಮೆರಿಕಾದಿಂದ ಬಂದ ಪ್ರವಾಸಿಯನ್ನು ಪರದೇಶಿ ಅನ್ನುವುದಿಲ್ಲ. ಅವರು ಫಾರಿನರ್ರು. ಪರದೇಶಿ ಅಂದರೆ ಹಿಂದೆ ಮುಂದೆ ಯಾರೂ ಇಲ್ಲದವರು, ಸತ್ತರೆ ಹೊರಲು ನಾಲ್ಕು ಹೆಗಲು ಸಿಗದವರು. ಇದೇ ದಾರಿಯಲ್ಲಿ ನಡೆದ ಇನ್ನೊಂದು ಪದ ನನ್ನ ಫಾರ್ಸಿ ನೋಟ್‌ಬುಕ್ಕಿನಲ್ಲೇ ಇತ್ತು. ಗರೀಬ್. ಫಾರ್ಸಿಯಲ್ಲಿ ಅದು ಊರು ಬಿಟ್ಟು ದೂರ ಇರುವವರು, ಅಪರಿಚಿತರು. ಗೊರ್ಬತ್ ಅಂದರೆ ಪರಸ್ಥಳದ ವಾಸ. ಅದೇ ಗರೀಬ ನಮ್ಮ ಕಡೆಯ ಉರ್ದುವಿಗೆ, ಕನ್ನಡಕ್ಕೆ ಬರುವಷ್ಟರಲ್ಲಿ ಬಡವರಾದರು. ಒಂದು ಪದ ಇರಾನಿನ ಕಡೆಯಿಂದ ಬಂತು, ಇನ್ನೊಂದು ಸಂಸ್ಕೃತದಿಂದ. ಎರಡೂ ಊರು ಬಿಟ್ಟವು, ಎರಡೂ ದಿಕ್ಕಿಲ್ಲದವಾದವು. ಆವತ್ತು ರಾತ್ರಿ ಎರಡೂವರೆ ತನಕ ಕೂತು, ಆವಾರೆ ಇದ್ದ ಕಡೆಯೆಲ್ಲ ಪರದೇಶಿ ಹಾಕಿದೆ. ಪರದೇಶಿಗಳ ಮಾತು, ಪರದೇಶಿಗಳ ಭಯ, ಪರದೇಶಿಗಳ ಸಾವು. ಒಂದೂ ಕಡೆ ಎಡವಲಿಲ್ಲ.

ಸಾವಿನ ಭಾಗಕ್ಕೆ ಬಂದಾಗ ಕೈ ನಿಂತಿತು. ಆ ಲೇಖನ ಬರೆದು ಹೆಚ್ಚು ವರ್ಷ ಸಾಯೆದಿ ಬದುಕಲಿಲ್ಲ. 1985ರ ನವೆಂಬರ್ 23ರಂದು ಪ್ಯಾರಿಸ್ಸಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಲಿವರ್ ಹೋಗಿತ್ತು, ಒಳಗೆ ರಕ್ತಸ್ರಾವ. ವಯಸ್ಸು 49. ನನಗೆ ಈಗ 46. ಆದರೆ ಅವರದು ಪರದೇಶಿ ಹೆಣ ಆಗಲಿಲ್ಲ. ಪೆರ್ ಲಶೇಜ್ ಸ್ಮಶಾನದಲ್ಲಿ, 1951ರಲ್ಲಿ ಅದೇ ಊರಿನಲ್ಲಿ ತಾವಾಗಿಯೇ ಜೀವ ತೆಗೆದುಕೊಂಡ ಇರಾನಿ ಲೇಖಕ ಸಾದೆಗ್ ಹೆದಾಯತ್‌ರ ಸಮಾಧಿಯ ಹತ್ತಿರವೇ 

ಅವರನ್ನು ಮಣ್ಣು ಮಾಡಿದರು.

ಮುಂದಿನ ಶನಿವಾರ ಆಗಾ ಮನೆಗೆ ಹೋಗಿ ಕನ್ನಡದಲ್ಲಿ ಓದಿ ತೋರಿಸಿದೆ. ಅವರಿಗೆ ಅಂಗಡಿ, ಆಟೋ ಕನ್ನಡ ಚೆನ್ನಾಗಿ ಬರುತ್ತದೆ. ಓದಲು ಅಕ್ಷರ ಕೂಡಿಸಿ ಕೂಡಿಸಿ ಬರುತ್ತದೆ. ಎರಡನೇ ವಾಕ್ಯಕ್ಕೇ ಕೈ ಎತ್ತಿದರು.

‘ಏನಂದ್ರಿ? ಪರದೇಶಿ?’

ಬೇಜಾರಾಯಿತೇನೋ ಅಂತ ನಾನು ಹೆದರಿದೆ. ಅದು ಬೈಗುಳವೂ ಹೌದಲ್ವಾ. ಅವರು ನಗಲು ಶುರು ಮಾಡಿದರು. ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. 1983ರಲ್ಲಿ ಅಂತೆ. ಯುದ್ಧ, ಊರಿಂದ ದುಡ್ಡು ಬರುವುದು ನಿಂತು ಮೂರು ತಿಂಗಳಾಗಿತ್ತು. ಬಾಡಿಗೆ ಕಟ್ಟಿರಲಿಲ್ಲ. ಮನೆ ಓನರ್ ಬೆಳಿಗ್ಗೆ ಬಾಗಿಲಿಗೆ ಬಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದರಂತೆ, ‘ಪರದೇಶಿ ನನ್ ಮಗನೇ’ ಅಂತ. ಇವರಿಗೆ ಹಿಂದಿಯ ಪರದೇಸಿ ಗೊತ್ತಿತ್ತು. ಬೇರೆ ದೇಶದವನು ಅಂತ ಕೇಳುತ್ತಿದ್ದಾರೆ ಅಂದುಕೊಂಡು ತುಂಬಾ ಮರ್ಯಾದೆಯಿಂದ, ‘ಹೌದು ಸಾರ್, ಇರಾನ್’ ಅಂದರಂತೆ. ಓನರ್ ಬಾಯಿ ಬಿಟ್ಟುಕೊಂಡು ನೋಡಿದರು. ಆಮೇಲೆ ನಗು ತಡೆಯಲಾಗದೆ ವಾಪಸ್ ಹೋದರು. ಸಂಜೆ ಅವರ ಹೆಂಡತಿ ಒಂದು ಪಾತ್ರೆ ಬಿಸಿಬೇಳೆಬಾತ್ ಕಳಿಸಿದರು. ಆರು ತಿಂಗಳು ಬಾಡಿಗೆ ಕೇಳಲಿಲ್ಲ.

‘ಇದೇ ಪದ. ಇದೇ ಇರಲಿ’ ಅಂದರು ಆಗಾ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮೊದಲ ವರ್ಷ ನೀವು ಒಂದು ಪ್ರಶ್ನೆ ಕೇಳಿದ್ರಿ’ ಅಂದರು. ನಾನು ಕಾದೆ. ಅವರು ಎದ್ದು ಚಹಾಗೆ ನೀರಿಟ್ಟರು.

ಲೇಖನದ ಮುಖ್ಯ ಭಾಗಗಳನ್ನು ನನ್ನ ಟಿಪ್ಪಣಿಯ ಜೊತೆ ಒಂದು ಪತ್ರಿಕೆಗೆ ಕಳಿಸಿದೆ. ಯಾವುದು ಅಂತ ಹೇಳುವುದಿಲ್ಲ. ನಾಲ್ಕು ತಿಂಗಳ ಮೇಲೆ ಅಚ್ಚಾಗಿ ಬಂತು. ಒಳಗೆ ಪದ ಹಾಗೇ ಇತ್ತು, ಪುಣ್ಯ. ತಲೆಬರಹ ಮಾತ್ರ ‘ವಲಸಿಗರ ರೂಪಾಂತರ ಮತ್ತು ಬಿಡುಗಡೆ’ ಆಗಿತ್ತು. ಫೋನ್ ಮಾಡಿದೆ. ಪರದೇಶಿ ಅಂದರೆ ಓದುಗರಿಗೆ ಬೈದ ಹಾಗೆ ಅನ್ನಿಸಬಹುದು ಮೇಡಂ, ಅದಕ್ಕೆ ಅಂದರು. ಲೇಖನ ಹೇಳುವುದೇ ಇವೆರಡೂ ಒಂದಲ್ಲ ಅಂತ. ಅದಕ್ಕೇ ವಲಸಿಗರ ಟೋಪಿ ಹಾಕಿ ಕಳಿಸಿದ್ದರು. ಎರಡು ದಿನ ಸಿಟ್ಟಿನಲ್ಲಿ ಕುದಿದೆ.

ಆಗಾಗೆ ಒಂದು ಪ್ರತಿ ಕೊಟ್ಟೆ. ತಲೆಬರಹವನ್ನು ಅಕ್ಷರ ಅಕ್ಷರವಾಗಿ ಓದಿದರು. ಪೆನ್ನು ತೆಗೆದು ‘ವಲಸಿಗರ’ ಹೊಡೆದುಹಾಕಿ, ಮೇಲೆ ದೊಡ್ಡದಾಗಿ ‘ಪರದೇಷಿ’ ಅಂತ ಬರೆದರು. ಷ ತಪ್ಪು ಅಂದೆ. ಎರಡೂ ಒಂದೇ ಥರ ಕೇಳಿಸುತ್ತಲ್ಲ, ಯಾಕೆ ಎರಡೆರಡು ಇಟ್ಟುಕೊಂಡಿದ್ದೀರಿ ಅಂತ ನನ್ನನ್ನೇ ಕೇಳಿದರು.

ಈಗ ಹಸುವಿನ ಕಥೆಗೆ ಕೈ ಹಾಕಿದ್ದೇವೆ. ಮೂರು ಶನಿವಾರ ಆಯಿತು, ಇನ್ನೂ ಹೆಸರಿನಲ್ಲೇ ಸಿಕ್ಕಿಕೊಂಡಿದ್ದೇವೆ. ಮಶ್‌ಹದ್‌ಗೆ ಯಾತ್ರೆ ಹೋಗಿ ಬಂದವರನ್ನು ಇರಾನಿನ ಹಳ್ಳಿಗಳಲ್ಲಿ ‘ಮಶ್ದಿ’ ಅನ್ನುತ್ತಾರೆ. ಹಾಜಿ ಅಂದರೆ ಜಾಸ್ತಿ ಆಗುತ್ತದೆ. ಹಸನಪ್ಪ ಅಂದರೆ ಯಾತ್ರೆ ಹೋಗುತ್ತದೆ. ಅವ್ವನಿಗೆ ಫೋನ್ ಮಾಡಿ ಕೇಳಿದೆ, ಕಾಶಿಗೆ ಹೋಗಿ ಬಂದವರನ್ನು ನಮ್ಮ ಕಡೆ ಏನಂತ ಕರೀತಿದ್ರು ಅಂತ. ‘ಸಾಲಗಾರ ಅಂತಿದ್ರು’ ಅಂದಳು.